ಹಳೇ ಡಿವಿಡಿಗಳನ್ನು ಮಾರುವ ಮೊದಲು ನನ್ನ ಪಾಡು ಕೇಳಿ

ನನ್ನ ಹತ್ತಿರ 212 ಡಿವಿಡಿಗಳಿದ್ದವು. ಈಗ ಉಳಿದಿರುವುದು 9. ಆ 9 ಕೂಡ ನಾನು ಬೇಕೆಂದು ಇಟ್ಟುಕೊಂಡದ್ದಲ್ಲ. ಗೀರು ಜಾಸ್ತಿ ಇದೆ ಅಂತ ಕೊಳ್ಳಲು ಬಂದವನೇ ಬಿಟ್ಟು ಹೋದದ್ದು. ಇವತ್ತು ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವ ಡಿಸ್ಕ್‌ಗಳು ಅವೇ.

ಡಿವಿಡಿ ಬಿಟ್ಟು, ಅದಕ್ಕಿಂತ ಸ್ಪಷ್ಟ ಚಿತ್ರದ ಬ್ಲೂ-ರೇ ಡಿಸ್ಕಿಗೋ ಅದಕ್ಕೂ ಮೇಲಿನ 4ಕೆ ಡಿಸ್ಕಿಗೋ ಹೋಗೋಣ ಅಂತ ಲೆಕ್ಕ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋಗಬೇಡಿ ಅನ್ನುವುದಕ್ಕಲ್ಲ. ಚೆನ್ನಾಗಿ ಮಾಡಿದ 4ಕೆ ಡಿಸ್ಕ್ ಹಾಕಿ ಕೂತರೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ. ತಪ್ಪಿದ್ದು ನಾನು ಹಿಡಿದ ದಾರಿ. ಮೊದಲು ಹಳೆಯದನ್ನು ಮಾರಿದೆ, ಆಮೇಲೆ ಹೊಸದನ್ನು ಕೊಂಡೆ, ಅದರೊಳಗೆ ಏನಿದೆ ಅಂತ ಕೊನೆಗೆ ನೋಡಿದೆ.

ಶುರುವಾದದ್ದು ಹೊಸ ಟಿವಿ ಬಂದ ದಿನ. ಮೊದಲ ರಾತ್ರಿಯೇ ಇಷ್ಟದ ಡಿವಿಡಿ ಹಾಕಿದೆ. ಮುಖಗಳೆಲ್ಲ ಮಂಜಿನ ಆಚೆ ನಿಂತಂತೆ ಕಂಡವು. ಕಾರಣ ಸರಳ. ಡಿವಿಡಿಯ ಚಿತ್ರದ ಅಗಲ 720 ಚುಕ್ಕಿ, ಎತ್ತರ 480 ಅಥವಾ 576. ಟಿವಿಯದು 3840ಕ್ಕೆ 2160. 576ರ ಲೆಕ್ಕ ಹಿಡಿದರೂ ಪರದೆಯ ಪ್ರತಿ 20 ಚುಕ್ಕಿಯಲ್ಲಿ ಒಂದಕ್ಕೆ ಮಾತ್ರ ಡಿಸ್ಕಿನಿಂದ ಮಾಹಿತಿ ಬರುತ್ತದೆ. ಉಳಿದ 19ನ್ನು ಟಿವಿಯೇ ಊಹಿಸಿ ತುಂಬಬೇಕು. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ನನಗೆ ಸಮಾಧಾನವೇ ಇಲ್ಲದಂತಾಯಿತು. ಒಂದೇ ವಾರದಲ್ಲಿ ಅಷ್ಟೂ ಡಿವಿಡಿಗಳನ್ನು ಒಟ್ಟಿಗೆ ಮಾರಾಟಕ್ಕಿಟ್ಟೆ.

ಅಪ್ಪ ಒಂದು ಮಾತು ಹೇಳಿದರು. "ಹೊಸದು ಬರೋ ತನಕ ಇರಲಿ ಬಿಡೋ."

"ಸುಮ್ನೆ ಯಾಕಪ್ಪ ಜಾಗ ಹಾಳು?" ಅಂದೆ ನಾನು.

ಹಳೇ ಡಿವಿಡಿ ಪ್ಲೇಯರನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಅದು ಮಂಚದ ಕೆಳಗೆ ಹೋಯಿತು. ಆ ಅದೃಷ್ಟವೊಂದು ನನ್ನ ಪಾಲಿಗಿತ್ತು.

ಇನ್ನು ಪ್ಲೇಯರ್ ಕೊಂಡ ಕಥೆ. 4ಕೆ ಡಿಸ್ಕ್‌ಗಳು ಬಂದದ್ದು 2016ರಲ್ಲಿ. ಆದರೆ ಪ್ಲೇಯರ್ ಮಾಡುವವರು ಬೇಗನೇ ಕೈ ಬಿಡುತ್ತಾ ಬಂದರು. ಒಪ್ಪೋ 2018ರಲ್ಲೇ ನಿಲ್ಲಿಸಿತು. 2019ರಲ್ಲಿ ಸ್ಯಾಮ್‌ಸಂಗ್, ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರ್ ತರುವುದಿಲ್ಲ ಅಂದಿತು. ಇದನ್ನೆಲ್ಲ ಓದಿ ನನಗೆ ಗಾಬರಿ. ಈಗ ಕೊಳ್ಳದಿದ್ದರೆ ಇನ್ನು ಸಿಗುವುದೇ ಇಲ್ಲವೇನೋ ಅಂತ ಬೇರೆ ದೇಶದ ಒಬ್ಬ ಮಾರಾಟಗಾರನಿಂದ ಬಳಸಿದ ಪ್ಲೇಯರ್ ತರಿಸಿದೆ. ರೀಜನ್ ಬಗ್ಗೆ, ಅಂದರೆ ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರಿನಲ್ಲಿ ಓಡದಂತೆ ಹಾಕುವ ಬೀಗದ ಬಗ್ಗೆ, ಕೇಳಿದ್ದಕ್ಕೆ "4ಕೆ ಡಿಸ್ಕ್‌ಗೆ ರೀಜನ್ ಲಾಕ್ ಇಲ್ಲ, ಚಿಂತೆ ಬೇಡ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಹೇಳದೆ ಬಿಟ್ಟದ್ದೇ ನನಗೆ ಮುಳುವಾಯಿತು.

4ಕೆ ಡಿಸ್ಕ್ ಯಾವ ದೇಶದ್ದಾದರೂ ಓಡುತ್ತದೆ, ನಿಜ. ಆದರೆ ಅದೇ ಪ್ಲೇಯರಿನಲ್ಲಿ ಮಾಮೂಲಿ ಬ್ಲೂ-ರೇ ಹಾಕಿದರೆ ಎ, ಬಿ, ಸಿ ಅನ್ನುವ ರೀಜನ್ ಲಾಕ್ ಹಾಗೇ ಇರುತ್ತದೆ. ಡಿವಿಡಿ ಹಾಕಿದರೆ 1ರಿಂದ 6ರವರೆಗಿನ ಅದರದೇ ಲಾಕ್. ಬಹಳಷ್ಟು 4ಕೆ ಪ್ಯಾಕ್‌ಗಳಲ್ಲಿ ಎರಡು ಡಿಸ್ಕ್ ಇರುತ್ತವೆ. 4ಕೆಯಲ್ಲಿ ಸಿನಿಮಾ ಮಾತ್ರ. ಚಿತ್ರೀಕರಣದ ಕಥೆ, ಬಿಟ್ಟುಹೋದ ದೃಶ್ಯ, ಸಂದರ್ಶನ ಎಲ್ಲ ಜೊತೆಗಿರುವ ಬ್ಲೂ-ರೇಯಲ್ಲಿ. ಆ ಬ್ಲೂ-ರೇ ಹಾಕಿದಾಗಲೆಲ್ಲ ನನ್ನ ಪ್ಲೇಯರ್ ಒಂದು ಸಾಲಿನ ಸಂದೇಶ ತೋರಿಸಿ ಸುಮ್ಮನಾಗುತ್ತಿತ್ತು. 4ಕೆಯಲ್ಲಿ ಬಂದೇ ಇಲ್ಲದ ಸಿನಿಮಾಗಳನ್ನು ಬ್ಲೂ-ರೇಯಲ್ಲೇ ಕೊಂಡಿದ್ದೆ ನೋಡಿ, ಅವುಗಳ ಗತಿಯೂ ಅದೇ. ಉಳಿದ 9 ಡಿವಿಡಿಗಳದ್ದೂ ಅದೇ. ಮಂಚದ ಕೆಳಗಿನ ಹಳೇ ಪ್ಲೇಯರ್ ಧೂಳು ಒರೆಸಿಕೊಂಡು ಮತ್ತೆ ಟಿವಿ ಪಕ್ಕಕ್ಕೆ ಬಂತು.

ಇಷ್ಟಾದರೂ ಹಣದ ನಷ್ಟ ಅಂತ ಸುಮ್ಮನಿರಬಹುದಿತ್ತು. ಮನಸ್ಸಿಗೆ ಚುಚ್ಚಿದ್ದು ಬೇರೆ.

ಅಪ್ಪನಿಗೆ ಕಿವಿ ಮಂದ. ಕೆಲವು ವರ್ಷದಿಂದ ಅವರು ಸಿನಿಮಾ ನೋಡುವುದಲ್ಲ, ಓದುವುದು. ಸಬ್‌ಟೈಟಲ್ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ. ಒಂದು ಡಿವಿಡಿಯಲ್ಲಿ 32 ಸಬ್‌ಟೈಟಲ್‌ಗಳವರೆಗೆ, 8 ಬಗೆಯ ಧ್ವನಿಯವರೆಗೆ ಇಡಲು ಅವಕಾಶವಿದೆ. ನಮ್ಮ ಹಳೇ ಡಿಸ್ಕ್‌ಗಳಲ್ಲಿ ಉದ್ದುದ್ದ ಪಟ್ಟಿಯೇ ಇರುತ್ತಿತ್ತು. ಡಿವಿಡಿಯಲ್ಲೇ ಅಷ್ಟಿರುವಾಗ 100 ಜಿಬಿ ಹಿಡಿಯುವ 4ಕೆ ಡಿಸ್ಕಿನಲ್ಲಿ ಇನ್ನೂ ಜಾಸ್ತಿ ಇರಲೇಬೇಕಲ್ವಾ ಅಂತ ನಾನು ಅಂದುಕೊಂಡಿದ್ದೆ. ಜಾಗ ಇದ್ದ ಮಾತ್ರಕ್ಕೆ ಯಾರೂ ತುಂಬುವುದಿಲ್ಲ. ಡಿಸ್ಕ್ ಯಾವ ಮಾರುಕಟ್ಟೆಗೆ ಹೋಗುತ್ತದೋ ಅಲ್ಲಿನ ಭಾಷೆಗಳನ್ನಷ್ಟೇ ಹಾಕುತ್ತಾರೆ. ಹೊಸದಾಗಿ ತರಿಸಿದ ಮೊದಲ ಸಿನಿಮಾದಲ್ಲೇ ಅಪ್ಪ ಓದುವ ಭಾಷೆ ಇರಲಿಲ್ಲ. ಅವರು ಏನೂ ಅನ್ನಲಿಲ್ಲ. ರಿಮೋಟ್ ನನ್ನ ಕೈಗೆ ಕೊಟ್ಟು "ನೀನು ನೋಡು" ಅಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹಳೆಯದರಲ್ಲಿ ಇದ್ದದ್ದೆಲ್ಲ ಹೊಸದರಲ್ಲಿ ಇದ್ದೇ ಇರುತ್ತದೆ ಅನ್ನುವ ಈ ನಂಬಿಕೆ ಇದೆಯಲ್ಲ, ನನ್ನನ್ನು ಮುಳುಗಿಸಿದ್ದೇ ಅದು. ನಿರ್ದೇಶಕರು ಸಿನಿಮಾ ಉದ್ದಕ್ಕೂ ಕೂತು ಮಾತಾಡಿದ ಧ್ವನಿ ಕೆಲವು ಡಿವಿಡಿಗಳಲ್ಲಿ ಇತ್ತು. ಹೊಸದರಲ್ಲಿ ಇಲ್ಲ. ಅದನ್ನು ಮಾಡಿಸಿದ ಕಂಪನಿ ಬೇರೆ, ಈಗ ಡಿಸ್ಕ್ ತರುವ ಕಂಪನಿ ಬೇರೆ ಆದರೆ ಹಕ್ಕು ಜೊತೆಗೆ ಬರುವುದಿಲ್ಲ. ಒಂದು ಹಳೇ ಸಿನಿಮಾದ ಡಿವಿಡಿಯಲ್ಲಿ ಥಿಯೇಟರಿನಲ್ಲಿ ಕೇಳಿದ ಅದೇ ಮೋನೋ ಧ್ವನಿ ಇತ್ತು. ಹೊಸ ಡಿಸ್ಕಿನಲ್ಲಿ ಇರುವುದು ಹೊಸದಾಗಿ ಬೆರೆಸಿದ ಧ್ವನಿ ಮಾತ್ರ. ಗುಂಡಿನ ಸದ್ದೇ ಬದಲಾಗಿದೆ! ನನ್ನಂಥವರಿಗೆ ಅದು ಬೇರೆಯೇ ಸಿನಿಮಾ.

ಚಿತ್ರದ ವಿಷಯಕ್ಕೆ ಬರೋಣ. ಅರ್ಧಕ್ಕಿಂತ ಹೆಚ್ಚು ಡಿಸ್ಕ್‌ಗಳು ನಿಜಕ್ಕೂ ಚೆನ್ನಾಗಿವೆ. 35 ಎಂಎಂ ನೆಗೆಟಿವ್‌ನಿಂದ ಹೊಸದಾಗಿ ಸ್ಕ್ಯಾನ್ ಮಾಡಿದ್ದರೆ ಬಟ್ಟೆಯ ನೇಯ್ಗೆ ಕೂಡ ಎಣಿಸಬಹುದು. ಆದರೆ ಡಬ್ಬದ ಮೇಲೆ 4ಕೆ ಅಂತ ಬರೆದದ್ದೆಲ್ಲ ಹಾಗಿರುವುದಿಲ್ಲ. 2000ದ ನಂತರ ಬಂದ ಎಷ್ಟೋ ಸಿನಿಮಾಗಳ ಕೊನೆಯ ಕೆಲಸ ನಡೆದದ್ದು 2ಕೆಯಲ್ಲಿ, ಅಂದರೆ ಸುಮಾರು 2048 ಚುಕ್ಕಿ ಅಗಲದಲ್ಲಿ. ಅದನ್ನೇ ಹಿಗ್ಗಿಸಿ ಡಿಸ್ಕಿಗೆ ಹಾಕುತ್ತಾರೆ. ಬಣ್ಣದಲ್ಲಿ ಒಂದಿಷ್ಟು ಲಾಭ ಸಿಗಬಹುದು, ವಿವರದಲ್ಲಿ ಬ್ಲೂ-ರೇಗಿಂತ ಅಂಥ ವ್ಯತ್ಯಾಸ ಕಾಣುವುದಿಲ್ಲ. ಟೇಪಿನಲ್ಲಿ ಚಿತ್ರೀಕರಿಸಿದ ಹಳೇ ಧಾರಾವಾಹಿಗಳಲ್ಲಂತೂ ಇಲ್ಲದ ವಿವರವನ್ನು ಯಾರೂ ತಂದುಕೊಡಲು ಆಗದು. ಇನ್ನೊಂದು ಜಾತಿಯೂ ಇದೆ. ಫಿಲ್ಮಿನ ಕಣಗಳನ್ನು ಕೊಳೆ ಅಂದುಕೊಂಡು ಕಂಪ್ಯೂಟರಿನಲ್ಲಿ ತಿಕ್ಕಿ ತೊಳೆದು ತರುತ್ತಾರೆ. ಕಣ ಅಂದರೇನೇ ಫಿಲ್ಮಿನ ಚಿತ್ರ, ಅದು ಹೋದರೆ ಚರ್ಮದ ಗೆರೆಯೂ ಹೋಗುತ್ತದೆ. ನಾಯಕ ಮೇಣದ ಬೊಂಬೆಯ ಹಾಗೆ ಕಾಣುತ್ತಾನೆ. ಅಂಥದ್ದು ನನಗೆ ಮೂರು ಸಿಕ್ಕಿವೆ.

ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ನನಗೆ ಬೇರೆಯೇ ಪಾಠ ಕಲಿಸಿತು. ಡಿಸ್ಕಿನ ಚಿತ್ರವನ್ನು 1000 ನಿಟ್ಸ್ (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ), ಕೆಲವನ್ನು 4000 ನಿಟ್ಸ್ ಬೆಳಕಿನ ಪರದೆ ನೋಡಿಕೊಂಡು ಹೊಂದಿಸಿರುತ್ತಾರೆ. ನನ್ನ ಟಿವಿಯಂಥ ಸಾಧಾರಣ ಟಿವಿಗೆ 300–400 ನಿಟ್ಸ್ ದಾಟಲು ಆಗುವುದಿಲ್ಲ. ಡಬ್ಬದ ಮೇಲೆ ಎಚ್‌ಡಿಆರ್ ಅಂತ ಮುದ್ರೆ ಇದ್ದರೂ ರಾತ್ರಿಯ ದೃಶ್ಯಗಳು ಡಿವಿಡಿಗಿಂತ ಕಪ್ಪಾಗಿ ಕಂಡವು. ಅದಕ್ಕೂ ಮುಂಚಿನ ಮೂರು ವಾರ ನಾನು ನೋಡಿದ್ದು ಎಚ್‌ಡಿಆರ್ ಅಲ್ಲವೇ ಅಲ್ಲ. ಪ್ಲೇಯರಿನ ತಂತಿ ಸಿಕ್ಕಿಸಿದ್ದ ಟಿವಿಯ ಎಚ್‌ಡಿಎಂಐ ಪೋರ್ಟಿಗೆ ಮೆನುವಿನಲ್ಲಿ ಬೇರೆ ಸೆಟ್ಟಿಂಗ್ ಆನ್ ಮಾಡಬೇಕಿತ್ತಂತೆ. ಆಹಾ ಎಂಥ ಬಣ್ಣ ಅಂತ ಮನೆಗೆ ಬಂದವರಿಗೆಲ್ಲ ತೋರಿಸಿಕೊಂಡು ಕೂತಿದ್ದೆ. ನಗಬೇಡಿ.

ಇಷ್ಟೆಲ್ಲದರ ನಡುವೆ ಒಂದು ಡಿಸ್ಕ್ ನಿಂತೇ ಹೋಯಿತು. ಒಂದು ಗಂಟೆ ಹತ್ತಿರ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದು ಹೆಪ್ಪುಗಟ್ಟಿತು. ಡಿಸ್ಕ್ ಮಾರಿದವನು ಪ್ಲೇಯರ್ ಸರಿಯಿಲ್ಲ ಅಂದ. ಪ್ಲೇಯರ್ ಮಾರಿದವನು ಡಿಸ್ಕ್ ಸರಿಯಿಲ್ಲ ಅಂದ. ಕಂಪ್ಯೂಟರಿನಲ್ಲಿ ಹಾಕಿ ಯಾರದು ನಿಜ ಅಂತ ನೋಡೋಣವೆಂದರೆ ಅಲ್ಲೂ ದಾರಿಯಿಲ್ಲ. 4ಕೆ ಡಿಸ್ಕನ್ನು ನೇರ ದಾರಿಯಲ್ಲಿ ಕಂಪ್ಯೂಟರಿನಲ್ಲಿ ನೋಡಲು ಪ್ರೊಸೆಸರಿನಲ್ಲಿ ಎಸ್‌ಜಿಎಕ್ಸ್ ಅನ್ನುವ ಸೌಲಭ್ಯ ಬೇಕು. ಇಂಟೆಲ್ ತನ್ನ 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಅದನ್ನು ತೆಗೆದುಹಾಕಿದೆ. ಹೊಸ ಕಂಪ್ಯೂಟರ್ ಇರುವುದೇ ಇಲ್ಲಿ ತೊಡಕು!

ಆಗ ಗೆಳೆಯನೊಬ್ಬ ನೆನಪಾದ. ಅವನ ಹತ್ತಿರ ಡಿಸ್ಕ್ ಪಾಲಿಶ್ ಮಾಡುವ ಚಿಕ್ಕ ಮಷೀನ್ ಇದೆ. ಹಿಂದೆ ನನ್ನ ನಾಲ್ಕೈದು ಡಿವಿಡಿಗಳನ್ನು ಅದರಲ್ಲಿ ಉಜ್ಜಿ ಬದುಕಿಸಿದ್ದ. ಇದನ್ನೂ ಉಜ್ಜಿದ. ಡಿಸ್ಕ್ ಹೊಳೆಯುತ್ತಿತ್ತು. ಪ್ಲೇಯರಿಗೆ ಹಾಕಿದರೆ ಡಿಸ್ಕ್ ಇದೆ ಅನ್ನುವುದೇ ಅದಕ್ಕೆ ತಿಳಿಯಲಿಲ್ಲ.

ದಯವಿಟ್ಟು ಈ ಒಂದು ಮಾತು ನೆನಪಿಡಿ. ಡಿವಿಡಿಯಲ್ಲಿ ಮಾಹಿತಿ ಇರುವ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿದೆ, ಅಂದರೆ ಡಿಸ್ಕಿನ ನಡುಮಧ್ಯ. ಮೇಲೆ ಒಂದಿಷ್ಟು ಉಜ್ಜಿದರೆ ಪ್ಲಾಸ್ಟಿಕ್ ಸವೆಯುತ್ತದೆ, ಮಾಹಿತಿಗೆ ಏನೂ ಆಗುವುದಿಲ್ಲ. ಬ್ಲೂ-ರೇ ಮತ್ತು 4ಕೆ ಡಿಸ್ಕಿನಲ್ಲಿ ಆ ಅಂತರ ಬರೀ 0.1 ಮಿ.ಮೀ. ಅದರ ಮೇಲೆ ಗೀರು ತಡೆಯುವ ಗಟ್ಟಿ ಲೇಪನವೊಂದು ಇರುತ್ತದೆ. ಪಾಲಿಶ್ ಮಾಡಿದರೆ ಮೊದಲು ಹೋಗುವುದೇ ಆ ಲೇಪನ. ಡಿವಿಡಿಯನ್ನು ಬದುಕಿಸುವ ಮಷೀನೇ ಬ್ಲೂ-ರೇಯನ್ನು ಸಾಯಿಸುತ್ತದೆ.

ಹೊಟ್ಟೆ ಉರಿಯುವುದು ಮುಂದಿನ ಸಂಗತಿಗೆ. ಎರಡು ವಾರ ಕಳೆದು ಇನ್ನೊಂದು ಡಿಸ್ಕ್ ಕೂಡ ಹಾಗೇ ನಿಂತಿತು. ಈ ಸಲ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ ತೆಗೆದುಕೊಂಡು ಒಳಗಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ, ಸುತ್ತು ಹಾಕಿ ಅಲ್ಲ. ಸರಿಹೋಯಿತು. ಮೂರು ಪದರದ 100 ಜಿಬಿ ಡಿಸ್ಕ್‌ಗಳಲ್ಲಿ ಇದು ಆಗಾಗ ಕಾಣುವ ತೊಂದರೆ. ಮಾಹಿತಿ ಅಷ್ಟು ಒತ್ತೊತ್ತಾಗಿ ಕೂತಿರುವಾಗ, ಕಣ್ಣಿಗೆ ಕಾಣದ ಬೆರಳ ಗುರುತೋ ಅಂಟೋ ಇದ್ದರೂ ಪ್ಲೇಯರ್ ಮುಗ್ಗರಿಸುತ್ತದೆ. ಹೊಸ ಸೀಲ್ ಒಡೆದ ಡಿಸ್ಕಿಗೂ ಇದು ತಪ್ಪಿದ್ದಲ್ಲ. ಅಂದರೆ ನಾವು ಉಜ್ಜಿ ಕೊಂದ ಆ ಡಿಸ್ಕಿಗೆ ಬಹುಶಃ ಬೇಕಾಗಿದ್ದದ್ದು ಒಂದು ಬಟ್ಟೆಯ ತುಂಡು.

ವಾಪಸ್ ಮಾಡಲೂ ಆಗಲಿಲ್ಲ. ಒಂದೇ ಸಲಕ್ಕೆ 40 ಡಿಸ್ಕ್ ತರಿಸಿ, ರಜೆಯ ದಿನಕ್ಕೊಂದರಂತೆ ಸೀಲ್ ಒಡೆಯುತ್ತಾ ಬಂದಿದ್ದೆ. ಹದಿನೈದನೆಯದು ಹಾಕುವ ಹೊತ್ತಿಗೆ ಎಲ್ಲದರ ವಾಪಸಾತಿ ಅವಧಿ ಮುಗಿದಿತ್ತು. ಈಗ ಒಂದು ಕೊಳ್ಳುತ್ತೇನೆ. ಬಂದ ವಾರವೇ ಶುರುವಿನಿಂದ ಹೆಸರುಗಳು ಓಡಿ ಮುಗಿಯುವ ತನಕ ಓಡಿಸುತ್ತೇನೆ. ಆಮೇಲೆ ಇನ್ನೊಂದು. ಕೊಳ್ಳುವ ಮುಂಚೆ ಡಬ್ಬದ ಹಿಂಬದಿಯ ಫೋಟೋ ಕಳಿಸಿ ಅಂತ ಮಾರಾಟಗಾರನನ್ನು ಕೇಳುತ್ತೇನೆ. ಭಾಷೆ, ಸಬ್‌ಟೈಟಲ್, ಜೊತೆಗಿರುವ ಬ್ಲೂ-ರೇಯ ರೀಜನ್, ಎಲ್ಲ ಅಲ್ಲೇ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಫೋಟೋ ಕಳಿಸಲು ಆಗಲ್ಲ ಅಂದರೆ ಕೊಳ್ಳುವುದಿಲ್ಲ.

ಪರಿಚಯದ ಹಿರಿಯರೊಬ್ಬರು 2006ರಲ್ಲಿ ಬ್ಲೂ-ರೇ ಬಿಟ್ಟು, ಆಗ ಅದಕ್ಕೆ ಪೈಪೋಟಿಯಾಗಿದ್ದ ಎಚ್‌ಡಿ ಡಿವಿಡಿ ಅನ್ನುವ ಡಿಸ್ಕಿನ ಕಡೆ ಹೋಗಿದ್ದರು. 2008ರ ಫೆಬ್ರವರಿಯಲ್ಲಿ ತೋಷಿಬಾ ಅದನ್ನು ಕೈಬಿಟ್ಟಿತು. ಅವರ ಮನೆಯಲ್ಲಿ ಆ ಡಬ್ಬಗಳನ್ನು ಕಂಡಾಗಲೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಮೊನ್ನೆ ಅವರಿಗೆ ನನ್ನ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ. "ಹಳೇ ಡಿವಿಡಿ ಇಟ್ಕೊಂಡಿದ್ದೀಯ ತಾನೇ? ನಾನು ಇಟ್ಕೊಂಡಿದ್ದೆ."

ನನ್ನ ಡಿವಿಡಿ ಕೊಂಡವನಿಗೆ ನಾಚಿಕೆ ಬಿಟ್ಟು ಫೋನ್ ಮಾಡಿದೆ. ಬಹುಪಾಲು ಆಗಲೇ ಮಾರಾಟವಾಗಿದ್ದವು. ಅವನ ಹತ್ತಿರ ಉಳಿದಿದ್ದರಲ್ಲಿ ಅಪ್ಪನಿಗೆ ಬೇಕಾದ 14 ಸಿಕ್ಕವು. ಒಟ್ಟಿಗೆ ಕೊಟ್ಟಾಗ ಒಂದು ರೇಟು, ಬಿಡಿಯಾಗಿ ಕೊಂಡರೆ ಇನ್ನೊಂದು, ಅದು ವ್ಯಾಪಾರ. ಚೌಕಾಸಿ ಮಾಡುವ ಮುಖ ನನಗಿರಲಿಲ್ಲ. ನಾಳೆ ತರಲು ಹೋಗುತ್ತಿದ್ದೇನೆ. ಅಪ್ಪ ತಾವೂ ಬರುತ್ತೇನೆ ಅಂದಿದ್ದಾರೆ. ಡಬ್ಬದ ಹಿಂಬದಿ ಓದುವ ಕೆಲಸ ಅವರದಂತೆ.