ಫಿಬೊನಾಚಿ ಲೆಕ್ಕಕ್ಕೆ ಯಾವ ಕೋಡ್ ವೇಗ?

ಹಿಂದಿನ ಎರಡು ಸಂಖ್ಯೆ ಕೂಡಿದರೆ ಮುಂದಿನದು: 0, 1, 1, 2, 3, 5, 8... ಫಿಬೊನಾಚಿ ಸರಣಿಯ ನಿಯಮ ಇಷ್ಟೇ. ಇದನ್ನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಲವು ರೀತಿ ಬರೆದು ಓಡಿಸಿ ನೋಡಿದೆ.

ಮೊದಲು ರಿಕರ್ಷನ್, ಅಂದರೆ ಫಂಕ್ಷನ್ (ಕೋಡ್‌ನ ತುಣುಕು) ತನ್ನನ್ನು ತಾನೇ ಮತ್ತೆ ಕರೆಯುವುದು. ನಿಯಮ ಹೇಗಿದೆಯೋ ಹಾಗೇ ಕೋಡ್, ಓದಲು ಬಲು ಚಂದ. ಆದರೆ 40ನೇ ಸಂಖ್ಯೆ ಕೇಳಿದರೆ ಕಾದು ಕೂರಬೇಕಾಯಿತು. ಎಷ್ಟು ಸಲ ಫಂಕ್ಷನ್ ಓಡುತ್ತದೆ ಎಂದು ಲೆಕ್ಕ ಹಾಕಿದೆ: 33,11,60,281 ಸಲ! 38ನೇದನ್ನು ಎರಡು ಸಲ ಕಂಡುಹಿಡಿಯುತ್ತದೆ, 37ನೇದನ್ನು ಮೂರು ಸಲ, 36ನೇದನ್ನು ಐದು ಸಲ. ಗಮನಿಸಿದಿರಾ? ಈ ಎಣಿಕೆಯೂ ಫಿಬೊನಾಚಿಯೇ. ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು.

ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳಲು ಫಂಕ್ಷನ್ ಮೇಲೆ ಒಂದು ಸಾಲು ಸೇರಿಸಿದೆ, ಪೈಥಾನ್‌ನದೇ ಸೌಲಭ್ಯವಾದ ಎಲ್‌ಆರ್‌ಯು ಕ್ಯಾಶ್. 40 ತಕ್ಷಣ ಬಂತು. 5,000 ಕೊಟ್ಟರೆ ರಿಕರ್ಷನ್ ಎರರ್. ಪೈಥಾನ್ ಸಾಮಾನ್ಯವಾಗಿ 1,000 ಹಂತದ ಆಳಕ್ಕೇ ತಡೆಯುತ್ತದೆ.

ಎರಡು ವೇರಿಯಬಲ್ ಇಟ್ಟುಕೊಂಡ ಸಾದಾ ಲೂಪ್‌ಗೆ (ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ಕೋಡ್) ಈ ತೊಂದರೆಯಿಲ್ಲ. ಮೆಮೊರಿಯೂ ಜಾಸ್ತಿ ಬೇಡ.

ವರ್ಗಮೂಲ 5 ಬರುವ ನೇರ ಸೂತ್ರ ಆಸೆ ಹುಟ್ಟಿಸುತ್ತದೆ, ಲೂಪೇ ಬೇಡ. 70ರವರೆಗೆ ಸರಿಯಾಗಿಯೇ ಬಂತು. 71ನೇದರ ಕೊನೆಯಲ್ಲಿ 29 ಇರಬೇಕು, 30 ಬಂತು. ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ರೀತಿಯಾದ ಫ್ಲೋಟ್‌ನ ನಿಖರತೆ ಅಲ್ಲಿಗೆ ಸಾಲದು. ತಪ್ಪು ಉತ್ತರ ಎಷ್ಟು ಬೇಗ ಬಂದರೇನು, ನಾನಂತೂ ಬಳಸುವುದಿಲ್ಲ.

ನಿಜವಾದ ಪೈಪೋಟಿ 10 ಲಕ್ಷನೇ ಸಂಖ್ಯೆಯಲ್ಲಿ. ಅದಕ್ಕೆ 2,08,988 ಅಂಕಿಗಳಿವೆ. ಲೂಪ್ ಸುಮಾರು 10 ಲಕ್ಷ ಸಲ ಕೂಡಬೇಕು, ಸಂಖ್ಯೆ ಉದ್ದವಾದಷ್ಟೂ ಪ್ರತಿ ಕೂಡಿಕೆಯೂ ನಿಧಾನ. ಫಾಸ್ಟ್ ಡಬ್ಲಿಂಗ್ ಹಾಗಲ್ಲ. ಅಕ್ಕಪಕ್ಕದ ಎರಡು ಸಂಖ್ಯೆ a, b ಎಂದಿಟ್ಟುಕೊಳ್ಳಿ. a×(2b−a) ಮತ್ತು a²+b² ಮಾಡಿದರೆ ಒಮ್ಮೆಗೇ ಎರಡರಷ್ಟು ದೂರ ಹೋಗುತ್ತೇವೆ. ಹೀಗೆ 20 ಹೆಜ್ಜೆಗೆ 10 ಲಕ್ಷ ಮುಟ್ಟುತ್ತೇವೆ! ಗುಣಾಕಾರಗಳು ದೊಡ್ಡವು, ಆದರೂ ಲೂಪ್ ಇದರ ಹತ್ತಿರಕ್ಕೂ ಬರಲಿಲ್ಲ.

ಕೆಲವು ಸಾವಿರದವರೆಗೆ ನಾನು ಲೂಪೇ ಬರೆಯುತ್ತೇನೆ, ಅದರಾಚೆಗೆ ಡಬ್ಲಿಂಗ್. ನೀವು ಅಳೆಯುವಾಗ ಪ್ರಿಂಟ್ ಮಾಡುವ ಸಮಯ ಸೇರಿಸಬೇಡಿ. ಅಷ್ಟುದ್ದದ ಸಂಖ್ಯೆಯನ್ನು ಅಕ್ಷರವಾಗಿಸುವುದೇ ದೊಡ್ಡ ಕೆಲಸ. ಪೈಥಾನ್ 3.11ರಲ್ಲಂತೂ 4,300 ಅಂಕಿ ದಾಟಿದರೆ ಎರರ್ ಬರುತ್ತದೆ, ಮಿತಿಯನ್ನು ನಾವೇ ಏರಿಸಬೇಕು.