ಯೂರಿಯಾ ಎರಚಿ ರಾತ್ರಿಯಿಡೀ ನೀರು ಬಿಡುವ ಮೆಕ್ಕೆಜೋಳದವರೇ, ಸ್ವಲ್ಪ ತಡೆಯಿರಿ

ನಾರಾಯಣಪುರ ಎಡದಂಡೆ ಕಾಲುವೆಯ ಶಹಾಪುರ, ಸುರಪುರ, ಹುಣಸಗಿ ಕಡೆ ಇರಲಿ, ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಕಡೆ ಇರಲಿ, ಎರೆ ಹೊಲದಲ್ಲಿ ನೀರಾವರಿ ಮೆಕ್ಕೆಜೋಳ ಹಾಕಿದವರು ಮಾಡಿಕೊಳ್ಳುವ ನಷ್ಟ ಹೆಚ್ಚುಕಡಿಮೆ ಒಂದೇ ತರಹದ್ದು. ಬಿತ್ತಿ 30-35 ದಿನವಾಗಿರುತ್ತದೆ, ಬೆಳೆ ಮೊಣಕಾಲುದ್ದ ಬಂದಿರುತ್ತದೆ. ಸಂಜೆ ನೀರಿನ ಸರದಿ ಇದೆ ಎಂದು ಗೊತ್ತಾದ ಕೂಡಲೇ ಮಧ್ಯಾಹ್ನದ ಬಿಸಿಲಲ್ಲೇ ಎಕರೆಗೆ ಎರಡು ಚೀಲ ಯೂರಿಯಾ ಎರಚಿ, ತೂಬು ತೆಗೆದು ಮನೆಗೆ ಹೋಗುತ್ತಾರೆ. ಬೆಳಿಗ್ಗೆ ನೋಡಿದರೆ ಹೊಲದ ಕೆಳತುದಿಯಲ್ಲಿ ನೀರು ನಿಂತಿರುತ್ತದೆ. ನಾಲ್ಕೈದು ದಿನ ಬೆಳೆ ಚೆನ್ನಾಗಿಯೇ ಕಾಣುತ್ತದೆ. ಎಂಟ್ಹತ್ತು ದಿನಕ್ಕೆ ಕೆಳಗಿನ ಎಲೆಗಳು ತುದಿಯಿಂದ ಹಳದಿಗೆ ತಿರುಗುತ್ತವೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಸಲಹೆ ಒಂದೇ: ಇನ್ನೊಂದು ಚೀಲ ಹಾಕ್ರಿ. ಹಾಕುತ್ತಾರೆ, ಮತ್ತೆ ನೀರು ಬಿಡುತ್ತಾರೆ, ಮತ್ತೆ ಹಳದಿ.

ಆ ಮೂರನೇ ಚೀಲ ಹಾಕುವ ಮುಂಚೆ ಇದನ್ನು ಓದಿ.

ನೀರು ಬಿಡುವ ಮೊದಲು ಒಣಗಿದ ಎರೆ ಹೊಲದ ಬಿರುಕೊಂದರ ಹತ್ತಿರ ಕುಳಿತು ನೋಡಿ. ಎರಚಿದ ಯೂರಿಯಾದ ಬಿಳಿ ಕಾಳುಗಳು ಬಿರುಕಿನ ಬಾಯಿಯಲ್ಲೇ ಸಾಲುಗಟ್ಟಿ ಬಿದ್ದಿರುತ್ತವೆ. ನೀರು ಬಂದಾಗ ಮೊದಲು ನುಗ್ಗುವುದು ಅದೇ ಬಿರುಕಿಗೆ. ಯೂರಿಯಾ ನೀರಲ್ಲಿ ಸಕ್ಕರೆಯಂತೆ ಕರಗುತ್ತದೆ. ಕರಗಿದ ಯೂರಿಯಾಕ್ಕೆ ವಿದ್ಯುದಂಶ ಇಲ್ಲದ್ದರಿಂದ ಜೇಡಿ ಅದನ್ನು ಹಿಡಿದುಕೊಳ್ಳುವುದಿಲ್ಲ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಗುದ್ದಲಿಯಿಂದ ಒಂದು ಹೆಂಟೆ ಎತ್ತಿ ಒಡೆದರೆ ಹೊರಮೈ ಒಂದು ಬೆರಳಷ್ಟು ಹಸಿ, ಒಳಗೆಲ್ಲ ಒಣ ಮಣ್ಣು. ಬೇರು ಇರುವ ಜಾಗ ಬಾಯಾರಿದ್ದಾಗಲೇ ಗೊಬ್ಬರದ ನೀರು ಎರಡು ಮೂರು ಅಡಿ ಕೆಳಗೆ ಇಳಿದಿರುತ್ತದೆ.

ಇನ್ನೂ ದೊಡ್ಡ ಪೆಟ್ಟು ಆಮೇಲೆ ಬೀಳುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿದಂತೆ ಬಿರುಕು ಮುಚ್ಚಿ, ನೀರು ಇಂಗುವುದು ಬಹುತೇಕ ನಿಂತೇ ಹೋಗುತ್ತದೆ. ನಿಂತ ನೀರಿನ ಕೆಳಗೆ ಒಂದೆರಡು ದಿನದಲ್ಲೇ ಮಣ್ಣಿನ ಗಾಳಿ ಮುಗಿಯುತ್ತದೆ. ಗಾಳಿ ಇಲ್ಲದಾಗ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ನೈಟ್ರೇಟನ್ನೇ (ಗೊಬ್ಬರದ ಸಾರಜನಕ ಮಣ್ಣಿನಲ್ಲಿ ಕೊನೆಗೆ ಆಗುವ ರೂಪ) ಬಳಸಿಕೊಂಡು ಅದನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ಹಿಂದೆ ಹಾಕಿದ ಗೊಬ್ಬರ, ತಿಪ್ಪೆ ಗೊಬ್ಬರ, ತೊಗರಿಯ ಉದುರೆಲೆ, ಇವುಗಳಿಂದ ಕೂಡಿದ್ದ ನೈಟ್ರೇಟೂ ಹೀಗೆಯೇ ಹೋಗುತ್ತದೆ. ಇತ್ತ ಬೇರಿಗೂ ಉಸಿರು ಕಟ್ಟಿರುತ್ತದೆ, ಉಳಿದದ್ದನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಮೆಕ್ಕೆಜೋಳ ಭತ್ತವಲ್ಲ. ಕಾಲುವೆ ಕೆಳಗೆ ವರ್ಷಗಟ್ಟಲೆ ಭತ್ತ ಮಾಡಿ ರೂಢಿಯಾದ ಕೈ ಇಲ್ಲಿಯೂ ಅದೇ ಲೆಕ್ಕದಲ್ಲಿ ನೀರು ಬಿಡುತ್ತದೆ. ತೊಂದರೆಯ ಮೂಲ ಅರ್ಧ ಅಲ್ಲಿಯೇ ಇದೆ.

ನೀರೇ ಬಿಡದೆ ಒಣ ಮಣ್ಣಿನ ಮೇಲೆ ಎರಚಿ ಬಿಟ್ಟರೂ ಉಳಿಯುವುದಿಲ್ಲ. ನಮ್ಮ ಎರೆ ಹೊಲಗಳು ಸುಣ್ಣದ ಅಂಶದವು, ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಮೇಲೆ. ಇಬ್ಬನಿಯ ಹಸಿಗೋ, ನಾಲ್ಕು ಹನಿ ಮಳೆಗೋ ಕರಗಿದ ಯೂರಿಯಾ ಮೇಲ್ಮಣ್ಣಿನಲ್ಲೇ ಅಮೋನಿಯಾ ಆಗಿ ಬಿಸಿಲಿಗೆ ಹಾರುತ್ತದೆ. ಈಗಿನ ಯೂರಿಯಾ ಬೇವು ಲೇಪಿತ ಅಲ್ಲವೇ ಎಂದು ಕೇಳುವವರಿದ್ದಾರೆ. ಬೇವಿನ ಲೇಪ, ಯೂರಿಯಾದಿಂದ ಬಂದ ಅಮೋನಿಯಂ ಮುಂದೆ ನೈಟ್ರೇಟಾಗಿ ಬದಲಾಗುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಹಾರಿಹೋಗುವುದನ್ನೂ, ರಾತ್ರಿಯ ನೀರಿನಲ್ಲಿ ಕೊಚ್ಚಿಹೋಗುವುದನ್ನೂ ಅದು ತಡೆಯುವುದಿಲ್ಲ.

ನೀರಿನ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಒಂದು ಎಕರೆಯಲ್ಲಿ 1 ಮಿ.ಮೀ. ನೀರು ಎಂದರೆ 4,047 ಲೀಟರ್. ಈ ಹಂತದಲ್ಲಿ ಮೇಲಿನ ಎರಡಡಿ ಎರೆ ಮಣ್ಣು ಅರ್ಧ ಹಸಿ ಕಳೆದುಕೊಂಡಿದ್ದರೆ ಮತ್ತೆ ತುಂಬಲು ಬೇಕಾಗುವುದು ಸುಮಾರು 50 ಮಿ.ಮೀ., ಅಂದರೆ ಎಕರೆಗೆ ಎರಡು ಲಕ್ಷ ಲೀಟರ್. ಹೊಲಗಾಲುವೆಯಲ್ಲಿ ಒಂದು ಕ್ಯೂಸೆಕ್ ಹರಿಯುತ್ತಿದ್ದರೆ ಅದು ಸೆಕೆಂಡಿಗೆ 28 ಲೀಟರ್, ಗಂಟೆಗೆ ಒಂದು ಲಕ್ಷದ ಮೇಲೆ. ಎರಡೇ ಗಂಟೆಯಲ್ಲಿ ಎಕರೆ ತುಂಬಿತು. ಸಂಜೆ ಎಂಟಕ್ಕೆ ತೂಬು ತೆಗೆದು ಬೆಳಿಗ್ಗೆ ಆರಕ್ಕೆ ಮುಚ್ಚಿದರೆ ಅದೇ ಎಕರೆಗೆ 250 ಮಿ.ಮೀ. ಬಿದ್ದಂತೆ. ಇಡೀ ಬೆಳೆಗೆ ಬೇಕಾಗುವುದೇ 500-600 ಮಿ.ಮೀ.! ಬೋರ್‌ವೆಲ್‌ನವರು ಒಂದು ಡ್ರಮ್ ಇಟ್ಟು ಅಳೆಯಿರಿ. 200 ಲೀಟರ್ ಡ್ರಮ್ 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಆಗ ಎಕರೆಗೆ 50 ಮಿ.ಮೀ. ಕೊಡಲು 11 ಗಂಟೆ ಹಿಡಿಯುತ್ತದೆ. ಹಾಗಾಗಿ ರಾತ್ರಿಯಿಡೀ ನೀರು ಬಿಟ್ಟೆ ಎಂಬ ಮಾತು ಬೋರಿನ ಹೊಲದಲ್ಲಿ ಸರಿ ಇರಬಹುದು, ಕಾಲುವೆಯ ಹೊಲದಲ್ಲಿ ಅದೇ ಮಾತು ಬೆಳೆ ಕೆಡಿಸುತ್ತದೆ. ಪಕ್ಕದ ಹೊಲದವರನ್ನು ನೋಡಿ ಗಂಟೆ ಲೆಕ್ಕ ಹಾಕಬೇಡಿ.

ನೀರು ಬೇಕೋ ಬೇಡವೋ ಎಂಬುದನ್ನು ಮೇಲ್ಮಣ್ಣು ಹೇಳುವುದಿಲ್ಲ. ಒಂದಡಿ ಆಳದಿಂದ ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಿ. ಉಂಡೆಯಾಗಿ, ಬೆರಳಿಗೆ ಮೆತ್ತಿಕೊಳ್ಳದಿದ್ದರೆ ಹದ ಇದೆ, ಇನ್ನೂ ಕಾಯಬಹುದು. ಹೊಳಪು ಬಂದು ಬೆರಳಿಗೆ ಅಂಟಿದರೆ ನೀರು ಹೆಚ್ಚಾಗಿದೆ. ಉಂಡೆಯಾಗದೆ ಹರಳು ಹರಳಾಗಿ ಉದುರಿದರೆ ತಡವಾಗಿದೆ. ನೀರು ತಪ್ಪಿಸಲೇಬಾರದ ಕಾಲ ಸೂಲಂಗಿ (ತುದಿಯ ಗಂಡು ಹೂ) ಹೊರಟು ತೆನೆಗೆ ರೇಷ್ಮೆ ಬರುವ ಹೊತ್ತು, ಸುಮಾರು 50ರಿಂದ 65ನೇ ದಿನ. ಮೊಣಕಾಲುದ್ದದ ಬೆಳೆ ನಾಲ್ಕು ದಿನದ ಒಣಹವೆ ತಡೆದೀತು, ನಾಲ್ಕು ದಿನ ನಿಂತ ನೀರು ತಡೆಯದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಎಡೆಕುಂಟೆ. ಕುಂಟೆ ಹೊಡೆದರೆ ಕಳೆಯೂ ಹೋಗುತ್ತದೆ, ಬಿರುಕಿನ ಬಾಯಿಯೂ ಪುಡಿ ಮಣ್ಣಿನಿಂದ ಮುಚ್ಚುತ್ತದೆ. ಆಮೇಲೆ ಸಾಲು ಬಿಟ್ಟು ಸಾಲಿಗೆ ಲೆಕ್ಕದ ನೀರು. ಎರಡು ಮೂರು ದಿನ ಬಿಟ್ಟು, ಕಾಲಿಟ್ಟರೆ ಹೂಳದಷ್ಟು ಮಣ್ಣು ಆರಿದ ಮೇಲೆ, ಗಿಡದಿಂದ ನಾಲ್ಕು ಬೆರಳು ದೂರ, ಎರಡಂಗುಲ ಆಳಕ್ಕೆ ಯೂರಿಯಾ ಹಾಕಿ ಕೂಡಲೇ ಮಣ್ಣು ಏರಿಸಿ. ಅಂದರೆ ನೀರು ಮುಂದೆ, ಗೊಬ್ಬರ ಹಿಂದೆ. ಮುಂದಿನ ನೀರಿನ ಹೊತ್ತಿಗೆ ಯೂರಿಯಾ ಅಮೋನಿಯಂ ಆಗಿ ಜೇಡಿಗೆ ಅಂಟಿಕೊಂಡಿರುತ್ತದೆ. ಬೆಚ್ಚಗಿನ ಹಸಿ ಮಣ್ಣಿನಲ್ಲಿ ಇದಕ್ಕೆ ಮೂರ್ನಾಲ್ಕು ದಿನ ಸಾಕು. ಕಾಲುವೆ ಸರದಿ ನಮ್ಮ ಕೈಯಲ್ಲಿಲ್ಲ ಎಂಬುದು ನಿಜ, ಗೊಬ್ಬರ ಹಾಕುವ ದಿನವಂತೂ ನಮ್ಮ ಕೈಯಲ್ಲೇ ಇದೆ. ದೊಡ್ಡ ಮಳೆಯ ಮುನ್ಸೂಚನೆ ಇದ್ದಾಗಲೂ ಚೀಲ ಬಿಚ್ಚಬೇಡಿ.

ಪ್ರಮಾಣಕ್ಕೆ ಬರೋಣ. ನೀರಾವರಿ ಮೆಕ್ಕೆಜೋಳಕ್ಕೆ ಎಕರೆಗೆ 60 ಕಿಲೋ ಸಾರಜನಕ, 30 ರಂಜಕ, 15 ಪೊಟ್ಯಾಷ್ ಎಂದು ಹಿಡಿದರೆ, ಬಿತ್ತುವಾಗ 65 ಕಿಲೋ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), 25 ಕಿಲೋ ಎಂಒಪಿ (ಪೊಟ್ಯಾಷ್ ಗೊಬ್ಬರ), 15 ಕಿಲೋ ಯೂರಿಯಾ. ಆಮೇಲೆ 30ನೇ ದಿನಕ್ಕೆ ಒಂದು ಚೀಲ ಯೂರಿಯಾ, 50ನೇ ದಿನದ ಸುಮಾರಿಗೆ ಇನ್ನೊಂದು. ಈಗಿನ ಚೀಲ 45 ಕಿಲೋದ್ದು, ಅದರಲ್ಲಿ ಸಾರಜನಕ 20.7 ಕಿಲೋ. ಎಲ್ಲ ಕೂಡಿಸಿದರೆ ಸರಿಯಾಗಿ 60. ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರ ಪ್ರಕಾರ ಹೆಚ್ಚುಕಡಿಮೆ ಮಾಡಿ. ಡಿಎಪಿ ಸಿಗದೆ ಬೇರೆ ಕಾಂಪ್ಲೆಕ್ಸ್ (ಮಿಶ್ರ) ಗೊಬ್ಬರ ತಂದರೆ ಚೀಲದ ಮೇಲಿನ ಅಂಕಿ ನೋಡಿ ಲೆಕ್ಕ ಮತ್ತೆ ಹಾಕಿ. ಯೂರಿಯಾ ಅಗ್ಗ, ಚೀಲಕ್ಕೆ ಮುನ್ನೂರು ರೂಪಾಯಿಯೂ ಇಲ್ಲ. ಕೈ ಧಾರಾಳವಾಗುವುದು ಅದಕ್ಕೇ. ಎಕರೆಗೆ ನಾಲ್ಕು ಚೀಲ ಹೊಡೆದ ಹೊಲ ಕಪ್ಪು ಹಸಿರಾಗಿ ಕಂಡರೂ ದಂಟು ಮೆತ್ತಗಾಗಿ ಗಾಳಿಗೆ ಬೀಳುತ್ತದೆ.

ಹಳದಿ ಎಂದರೆಲ್ಲ ಯೂರಿಯಾ ಕೊರತೆ ಅಲ್ಲ. ಕೆಳಗಿನ ಎಲೆಯ ತುದಿಯಿಂದ ನಡುನರದ ಗುಂಟ ಒಳಮುಖವಾಗಿ ಹಳದಿ ಬಂದರೆ ಸಾರಜನಕ. ಕೆಳಗಿನ ಎಲೆಯ ಅಂಚು ಸುಟ್ಟಂತಾಗಿ ನಡು ಹಸಿರಾಗಿದ್ದರೆ ಪೊಟ್ಯಾಷ್. ಎಳೆ ಗಿಡದ ಎಲೆ ನೇರಳೆಯಾದರೆ ರಂಜಕ. ಮೇಲಿನ ಎಳೆ ಎಲೆಯ ಬುಡದಲ್ಲಿ ನಡುನರದ ಎರಡೂ ಬದಿ ಬಿಳಿ ಪಟ್ಟೆ ಕಂಡರೆ ಸತು. ನಮ್ಮ ಸುಣ್ಣದ ಮಣ್ಣಿನಲ್ಲಿ ಸತುವಿನ ಕೊರತೆ ಮಾಮೂಲು. ಬಿತ್ತುವಾಗ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ತಿಪ್ಪೆ ಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಹಾಕಿ. ಡಿಎಪಿ ಜೊತೆ ಬೆರೆಸಿದರೆ ರಂಜಕ ಅದನ್ನು ಕಟ್ಟಿಹಾಕುತ್ತದೆ. ಇನ್ನು ಗಿಡ ಕಿತ್ತಾಗ ಬೇರು ಕಂದಾಗಿ ಕೊಳೆ ವಾಸನೆ ಬಂದರೆ ಯಾವ ಗೊಬ್ಬರವೂ ಬೇಡ, ಮೊದಲು ಬಸಿಗಾಲುವೆ ತೋಡಿ.

ಈಗಾಗಲೇ ನೀರು ನಿಂತು ಹಳದಿಯಾಗಿದ್ದರೆ ಹೀಗೆ ಮಾಡಿ. ಕೆಳತುದಿಯ ಬದು ಒಡೆದು ನೀರು ಹೊರಗೆ ಬಿಡಿ. ಕಾಲಿಡಲು ಬಂದ ಕೂಡಲೇ ಕುಂಟೆ ಹೊಡೆದು ಮೇಲ್ಪದರ ಸಡಿಲಿಸಿ, ಗಾಳಿ ಒಳಗೆ ಹೋಗಲಿ. ಲೀಟರಿಗೆ 20 ಗ್ರಾಂ ಯೂರಿಯಾ ಕಲಸಿ ಎಕರೆಗೆ 200 ಲೀಟರ್ ಸಂಜೆ ಸಿಂಪಡಿಸಿ. ಇದರಿಂದ ಸಿಗುವ ಸಾರಜನಕ ಎರಡು ಕಿಲೋಕ್ಕಿಂತ ಕಡಿಮೆ, ಬೇರು ಚೇತರಿಸಿಕೊಳ್ಳುವವರೆಗಿನ ಆಸರೆ ಅಷ್ಟೇ. ಹೊಸ ಬಿಳಿ ಬೇರು ಕಂಡ ಮೇಲೆ 20-25 ಕಿಲೋ ಯೂರಿಯಾ ಬುಡದಲ್ಲಿ ಹಾಕಿ ಮುಚ್ಚಿ.

ಬೀದರ್, ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಕಥೆ ಬೇರೆ. ಅಲ್ಲಿ ನೀರು ನಿಲ್ಲುವುದಿಲ್ಲ, ಸೋಸಿ ಇಳಿಯುತ್ತದೆ, ನೈಟ್ರೇಟನ್ನೂ ಹೊತ್ತೊಯ್ಯುತ್ತದೆ. ಸಾರಜನಕವನ್ನು ನಾಲ್ಕು ಕಂತು ಮಾಡಿ, ನೀರು ಕಡಿಮೆ ಕಡಿಮೆ, ಬೇಗ ಬೇಗ ಕೊಡಿ. ಹನಿ ನೀರಾವರಿಯಲ್ಲಿ ಬಹಳ ಮಂದಿ ಮೋಟರ್ ಹಾಕಿದ ತಕ್ಷಣ ಗೊಬ್ಬರ ಬಿಟ್ಟು ಆಮೇಲೆ ತಾಸುಗಟ್ಟಲೆ ಬರೀ ನೀರು ಹರಿಸುತ್ತಾರೆ. ಹಾಕಿದ್ದೆಲ್ಲ ಬೇರಿನ ಕೆಳಗೆ ತಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊದಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ ಪೈಪು ತೊಳೆಯಲು 15-20 ನಿಮಿಷ ನೀರು, ಅಷ್ಟೇ ಸಾಕು. ಡಿಎಪಿಯನ್ನು ಹನಿ ಪೈಪಿಗೆ ಬಿಡಬೇಡಿ, ಕಟ್ಟಿಕೊಳ್ಳುತ್ತದೆ.

ಕಾಲುವೆ ಕೆಳಗಿನ ತಗ್ಗು ಹೊಲದವರು ಇನ್ನೊಂದು ಗಮನಿಸಿ. ನೀರು ಒಣಗಿದ ಮೇಲೆ ಬೋದಿನ ನೆತ್ತಿಯಲ್ಲಿ ಬಿಳಿ ಪುಡಿ ಕಂಡರೆ ಸವಳು ಶುರುವಾಗಿದೆ. ಹೆಚ್ಚು ನೀರು ಬಿಟ್ಟಷ್ಟೂ ಅಂತರ್ಜಲ ಮೇಲೆ ಬಂದು ಉಪ್ಪು ತರುತ್ತದೆ. ಬಸಿಗಾಲುವೆ ಇಲ್ಲದೆ ಜಿಪ್ಸಂ ಸುರಿದು ಪ್ರಯೋಜನವಿಲ್ಲ.

ದನ ಕಟ್ಟಿದವರಿಗೆ ಒಂದು ಮಾತು, ಇದರಲ್ಲಿ ಪ್ರಾಣ ಹೋಗುತ್ತದೆ. ಯೂರಿಯಾ ಹೆಚ್ಚು ಹಾಕಿ, ಆಮೇಲೆ ನೀರು ಸಿಗದೆ ಗಿಡ್ಡಗೆ ಉಳಿದ ಮೆಕ್ಕೆಜೋಳವನ್ನು ಕಾಳು ಬರಲಿಲ್ಲವೆಂದು ಹಸಿಯಾಗಿ ಕೊಯ್ದು ದನಕ್ಕೆ ಹಾಕಬೇಡಿ. ಬೆಳವಣಿಗೆ ನಿಂತ ಗಿಡದ ದಂಟಿನ ಬುಡದಲ್ಲಿ ನೈಟ್ರೇಟ್ ಕೂಡಿಕೊಂಡಿರುತ್ತದೆ, ಬರದ ನಂತರ ಮಳೆ ಬಿದ್ದ ಮೊದಲ ವಾರ ಇನ್ನೂ ಹೆಚ್ಚು. ಒಣಗಿಸಿದರೂ ಅದು ಹೋಗುವುದಿಲ್ಲ, ರಸಮೇವು (ಸೈಲೇಜ್) ಮಾಡಿದರೆ ಸಾಕಷ್ಟು ತಗ್ಗುತ್ತದೆ. ಹಾಕಲೇಬೇಕಾದರೆ ಬುಡದ ಒಂದಡಿ ಬಿಟ್ಟು ಕೊಯ್ದು, ಒಣ ಜೋಳದ ಕಣಿಕೆ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಹಸಿದ ದನಕ್ಕಂತೂ ಬೇಡವೇ ಬೇಡ. ಮೇವು ತಿಂದ ಕೆಲವೇ ತಾಸಿನಲ್ಲಿ ದನ ಏದುಸಿರು ಬಿಟ್ಟು, ನಡುಗಿ, ಒಸಡು ಕಂದುಬಣ್ಣಕ್ಕೆ ತಿರುಗಿದರೆ ಮೇವು ಎಳೆದುಹಾಕಿ, ಅದನ್ನು ಓಡಾಡಿಸದೆ ತಕ್ಷಣ ಪಶುವೈದ್ಯರನ್ನು ಕರೆಸಿ. ಯೂರಿಯಾ ಹಾಕಿದ ಹೊಲದ ಮೇವು ಎಂಬುದನ್ನು ಫೋನಿನಲ್ಲೇ ತಿಳಿಸಿ. ಇದಕ್ಕೆ ಕೊಡುವ ಮೆಥಿಲೀನ್ ಬ್ಲೂ ಇಂಜೆಕ್ಷನ್ ಅವರು ಬರುವಾಗಲೇ ಜೊತೆಯಲ್ಲಿ ತರಬೇಕಾಗುತ್ತದೆ.