ಹುಲ್ಲುಗಾವಲಿನ ಹಠಮಾರಿ ಕಳೆಗೆ ಹಗ್ಗದ ವೈಪರ್: ಹಲವು ಹಂಗಾಮು ಬಳಸಿದ ಮೇಲೆ

ಅಡ್ಡಡ್ಡ ಪಿವಿಸಿ ಪೈಪು, ಒಳಗೆ ಗ್ಲೈಫೋಸೇಟ್ ಎಂಬ ಕಳೆನಾಶಕದ ದ್ರಾವಣ, ಮುಂಬದಿಗೆ ಸಾಲಾಗಿ ಪೋಣಿಸಿದ ನೈಲಾನ್ ಹಗ್ಗ. ಇಷ್ಟೇ ಈ ಸಾಧನ. ಒದ್ದೆ ಹಗ್ಗ ಎತ್ತರದ ಕಳೆಗೆ ಸವರಿಕೊಂಡು ಹೋಗುತ್ತದೆ, ಕೆಳಗಿನ ಹುಲ್ಲು ಉಳಿಯುತ್ತದೆ. ಥಿಸಲ್ (ಮುಳ್ಳಿನ ಕಳೆ), ಡಾಕ್ (ಅಗಲ ಎಲೆಯ ಕಳೆ), ಜಾನ್ಸನ್ ಹುಲ್ಲಿನಂಥ ಎತ್ತರದ ಕಳೆಗಳಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಗರಿಕೆ, ಜೇಕಿಗೆಂದು ಮಾತ್ರ ಕೊಳ್ಳಲೇಬೇಡಿ. ನೆಲಕ್ಕಂಟಿದ ಕಳೆ ಹಗ್ಗಕ್ಕೆ ಸಿಗುವುದಿಲ್ಲ.

ಕಳೆ ಹುಲ್ಲಿಗಿಂತ ಕನಿಷ್ಠ 15 ಸೆಂ.ಮೀ. ಎತ್ತರ ಇರಬೇಕು. ಮೊದಲು ದನ ಬಿಟ್ಟು ಮೇಯಿಸಿದರೆ ಹುಲ್ಲು ತಗ್ಗುತ್ತದೆ, ದನ ಮೂಸಿ ಬಿಟ್ಟ ಕಳೆ ತಾನಾಗಿ ಎದ್ದು ಕಾಣುತ್ತದೆ. ಆಮೇಲೆ ದನ ಹೊರಗೆ ಕಟ್ಟಿ ವೈಪರ್ ಎಳೆಯಿರಿ. ಥಿಸಲ್‌ನಂಥವಕ್ಕೆ ಮೊಗ್ಗಿನಿಂದ ಹೂವಿನ ಆರಂಭದವರೆಗಿನ ಸಮಯ ಒಳ್ಳೆಯದು. ಎಳೆ ಚಿಗುರಿಗೆ ಬಳಿದರೆ ಎಲೆ ಸುಡುತ್ತದೆ ಅಷ್ಟೇ, ಏಕೆಂದರೆ ಆಗ ಆಹಾರ ಬೇರಿನಿಂದ ಮೇಲಕ್ಕೆ ಹರಿಯುತ್ತಿರುತ್ತದೆ. ಔಷಧಿ ಬೇರಿಗೆ ಇಳಿಯುವುದಿಲ್ಲ, ಕಳೆ ಮತ್ತೆ ಚಿಗುರುತ್ತದೆ.

ದ್ರಾವಣಕ್ಕೆ ಸಾಮಾನ್ಯವಾಗಿ ಒಂದು ಪಾಲು ಔಷಧಿ, ಎರಡು ಪಾಲು ನೀರು. ಸಾಂದ್ರತೆ ಬೇರೆ ಬೇರೆ ಇರುವುದರಿಂದ ಲೇಬಲ್ ನೋಡಿಯೇ ಬೆರೆಸಿ. ಕೆಸರು ನೀರು ಬೇಡ. ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ, ಧೂಳು ಹಿಡಿದ ಎಲೆಯ ಮೇಲೂ ಇದೇ ಗತಿ. ಸತು ಲೇಪಿಸಿದ ಕಬ್ಬಿಣದ ಡಬ್ಬದಲ್ಲಂತೂ ತುಂಬಲೇಬಾರದು. ಹೈಡ್ರೋಜನ್ ಅನಿಲ ಹುಟ್ಟಿ ಸಿಡಿಯುವ ಅಪಾಯವಿದೆ.

ಒಮ್ಮೆ ಎಳೆದರೆ ಗಿಡದ ಒಂದು ಮಗ್ಗುಲಿಗಷ್ಟೇ ತಾಗುತ್ತದೆ. ಎದುರು ದಿಕ್ಕಿನಿಂದ ಇನ್ನೊಂದು ಸಲ ಎಳೆಯಲೇಬೇಕು. ಕಳೆ ದಟ್ಟವಾಗಿರುವಲ್ಲಿ ನಡಿಗೆಯ ವೇಗ ಸಾಕು, ಜೋರಾಗಿ ಹೋದರೆ ಹಗ್ಗ ಒಣಗಿದಷ್ಟು ಬೇಗ ಮತ್ತೆ ನೆನೆಯುವುದಿಲ್ಲ.

ಇದರ ನಿಜವಾದ ತಲೆನೋವು ಹಗ್ಗ ಪೈಪಿನೊಳಕ್ಕೆ ಹೋಗುವ ಜಾಗದ ರಬ್ಬರ್ ಬಿರಡೆ. ಅದು ಸಡಿಲಾದರೆ ತೊಟ್ಟಿಕ್ಕುತ್ತದೆ, ಕೆಲವು ದಿನಗಳಲ್ಲಿ ಒಳ್ಳೆಯ ಹುಲ್ಲಿನ ನಡುವೆ ಹಳದಿ ತೇಪೆಗಳು ಸಾಲಾಗಿ ಏಳುತ್ತವೆ. ಇಳಿಜಾರಿನಲ್ಲಿ ದ್ರಾವಣವೆಲ್ಲ ತಗ್ಗಿನ ತುದಿಗೆ ಹರಿದು ಅಲ್ಲಿ ಸೋರುತ್ತದೆ, ಮೇಲಿನ ತುದಿ ಒಣಗುತ್ತದೆ. ನಡುವೆ ತಡೆ ಇರುವ ಪೈಪನ್ನೇ ಆರಿಸಿ. ಮುಚ್ಚಳದ ಗಾಳಿರಂಧ್ರ ಕಟ್ಟಿದರೂ ಹಗ್ಗ ಒಣಗುತ್ತದೆ. ಇನ್ನು ಗಿಡದ ರಸ, ಧೂಳು ಕೂಡಿ ಹಗ್ಗದ ಮೈ ಮಿರುಗುವಷ್ಟು ಗಟ್ಟಿಯಾಗುತ್ತದೆ. ಬೆರಳಿಟ್ಟರೆ ಪಸೆ ಹತ್ತದಿದ್ದರೆ (ಕೈಗವಸು ಹಾಕಿಯೇ ನೋಡಿ) ಹಗ್ಗ ಬದಲಿಸುವುದೇ ದಾರಿ. ಕೆಲಸ ಮುಗಿದ ದಿನವೇ ಶುದ್ಧ ನೀರು ತುಂಬಿ ತೊಳೆದರೆ ಬಾಳಿಕೆ ಹೆಚ್ಚು.

ಒಂದೇ ವರ್ಷಕ್ಕೆ ಕಳೆ ನಿರ್ಮೂಲವಾಗುತ್ತದೆ ಎಂಬ ಮಾರಾಟದ ಮಾತು ಸುಳ್ಳು. ಆಳದ ಬೇರುತುಂಡು ಮರುವರ್ಷ ಚಿಗುರುತ್ತದೆ, ಬರಿದಾದ ಜಾಗಕ್ಕೆ ಹುಲ್ಲಿನ ಬೀಜ ಚೆಲ್ಲದಿದ್ದರೆ ಕಳೆಯ ಸಸಿಗಳೇ ತುಂಬಿಕೊಳ್ಳುತ್ತವೆ. ಬಳಿದ ಮೇಲೆ ಕನಿಷ್ಠ ಒಂದು ವಾರ ಕೊಯ್ಯಬೇಡಿ. ವಿಷದ ಕಳೆಗಳಿದ್ದರೆ ಇನ್ನೂ ಎಚ್ಚರ ಬೇಕು: ಹಸಿಯಿದ್ದಾಗ ದನ ಮುಟ್ಟದ ಗಿಡ ಬಾಡಿದ ಮೇಲೆ ರುಚಿಸುತ್ತದೆ, ವಿಷ ಹಾಗೇ ಉಳಿದಿರುತ್ತದೆ. ಅಂಥವನ್ನು ಕಿತ್ತು ಹೊರಹಾಕಿದ ನಂತರವೇ ಮೇಯಲು ಬಿಡಿ, ಒಣಹುಲ್ಲು ಕಟ್ಟಿ.